ಶುಗರ್ ಮಾತ್ರೆಗೂ ಮಧುನಾಶಿನಿ ಚೂರ್ಣಕ್ಕೂ ನಡುವೆ ಎಷ್ಟು ಗಂಟೆ ಅಂತರ ಇರಬೇಕು?

ಗ್ಲಿಮೆಪಿರೈಡ್ ಎಂಬ ಶುಗರ್ ಮಾತ್ರೆ ನುಂಗುವ ನಿಮ್ಮ ತಂದೆಯವರಿಗೆ ಮಧುನಾಶಿನಿ, ಹಾಗಲ, ನೇರಳೆ ಬೀಜದ ಚೂರ್ಣವನ್ನು ಎರಡು ಗಂಟೆ ಬಿಟ್ಟು ಕೊಟ್ಟರೆ ಸಾಕೇ ಎಂದು ಕೇಳಿದ್ದೀರಿ. ಕಲಬುರಗಿಯ ನಮ್ಮ ಮನೆಯಲ್ಲಿಯೂ ಇದೇ ಲೆಕ್ಕ ನಡೆದಿತ್ತು. ಅವ್ವನಿಗೆ ಬೆಳಿಗ್ಗೆ ನಾಷ್ಟಾದ ಜೊತೆ ಮಾತ್ರೆ, ಹನ್ನೊಂದಕ್ಕೆ ಒಂದು ಚಮಚ ಚೂರ್ಣ. ಪರಿಚಯದವರು ತಂದುಕೊಟ್ಟ ಆ ಪೊಟ್ಟಣದ ಮೇಲೆ ತಯಾರಿಸಿದವರ ಹೆಸರಾಗಲಿ ತಾರೀಖಾಗಲಿ ಇರಲಿಲ್ಲ. ಆದರೂ ಖಾಲಿ ಹೊಟ್ಟೆಯ ಶುಗರ್ ಇಳಿಯುತ್ತ ಬಂದಾಗ ಮನೆಮಂದಿಯೆಲ್ಲ ಅದನ್ನೇ ಹೊಗಳಿದೆವು.

ಶ್ರಾವಣ ಸೋಮವಾರ ಅವ್ವ ಉಪವಾಸವಿದ್ದಳು. ಮಾತ್ರೆಯನ್ನೂ ಚೂರ್ಣವನ್ನೂ ಮಾತ್ರ ಬಿಟ್ಟಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವಳ ಕುತ್ತಿಗೆ ಬೆವತು, ಕುಪ್ಪಸ ಬೆನ್ನಿಗೆ ಅಂಟಿತ್ತು. ಮಾತನಾಡಿಸಿದರೆ ತಡವಾಗಿ, ಸಂಬಂಧವಿಲ್ಲದ ಉತ್ತರ ಕೊಡುತ್ತಿದ್ದಳು. ಕೈ ನಡುಗುತ್ತಿರಲಿಲ್ಲವಾದ್ದರಿಂದ ಶುಗರ್ ಇಳಿದಿರಬಹುದೆಂದು ಯಾರಿಗೂ ಹೊಳೆಯಲಿಲ್ಲ. ಬಿಪಿಗೆಂದು ಅವಳು ತೆಗೆದುಕೊಳ್ಳುತ್ತಿದ್ದ ಮೆಟೊಪ್ರೊಲಾಲ್ ಮಾತ್ರೆಯು ನಡುಕವನ್ನೂ ಎದೆಬಡಿತವನ್ನೂ ಮರೆಮಾಚುತ್ತದೆ, ಬೆವರನ್ನು ಮರೆಮಾಚುವುದಿಲ್ಲ ಎಂಬುದು ಆಗ ನಮಗೆ ತಿಳಿದಿರಲಿಲ್ಲ. ಸೆಕೆಯೆಂದು ಫ್ಯಾನ್ ಹಾಕಿ ಮಲಗಿಸಿದೆವು. ಎದ್ದು ಬಚ್ಚಲಿಗೆ ಹೋದವಳು ಅಲ್ಲಿಯೇ ಬಿದ್ದಳು. ಗ್ಲುಕೋಮೀಟರ್ 41 ತೋರಿಸಿತು, ತೊಡೆಯ ಎಲುಬು ಮುರಿದಿತ್ತು. ಆಸ್ಪತ್ರೆಯಲ್ಲಿ ಗ್ಲುಕೋಸ್ ಏರಿಸಿದ ಮೇಲೆಯೂ ರಾತ್ರಿ ಶುಗರ್ ಮತ್ತೆ ಕುಸಿಯಿತು. ನೆಲದ ಮೇಲೆ ಕುಳಿತು ರೊಟ್ಟಿ ಬಡಿಯುವುದು ಅವಳಿಂದ ಈಗ ಆಗುವುದಿಲ್ಲ.

ನಮಗೆ ಮುಳುವಾದದ್ದು ಉಪವಾಸವಲ್ಲ, ಅದಕ್ಕೂ ಮೊದಲು ನಾನು ಆಡಿದ ಒಂದು ಮಾತು. ತಪಾಸಣೆಯಲ್ಲಿ ವೈದ್ಯರು "ಬೇರೆ ಏನಾದರೂ ತೆಗೆದುಕೊಳ್ಳುತ್ತಾರೆಯೇ?" ಎಂದಾಗ "ಇಲ್ಲ" ಎಂದೆ. ಮುಚ್ಚಿಡುವ ಉದ್ದೇಶವಿರಲಿಲ್ಲ, ಪುಡಿಯನ್ನು ನಾವು ಔಷಧಿಯ ಲೆಕ್ಕಕ್ಕೇ ಹಿಡಿದಿರಲಿಲ್ಲ. ಎಚ್‌ಬಿಎ1ಸಿ ಎಂಬ ಪರೀಕ್ಷೆ ಸುಮಾರು ಮೂರು ತಿಂಗಳ ಸರಾಸರಿಯನ್ನು ಹೇಳುತ್ತದೆ. ಚೂರ್ಣ ಶುರುವಾಗಿ ಇನ್ನೂ ಕೆಲವೇ ದಿನಗಳಾಗಿದ್ದರಿಂದ ಅದರ ಪರಿಣಾಮ ಆ ಅಂಕಿಯಲ್ಲಿ ಕಾಣುವಂತಿರಲಿಲ್ಲ. ಹಳೆಯ ಸರಾಸರಿಯನ್ನು ನೋಡಿ, ನನ್ನ ಉತ್ತರವನ್ನು ನಂಬಿ, ಅವರು ಗ್ಲಿಮೆಪಿರೈಡ್ ಅನ್ನು 1 ಮಿಲಿಗ್ರಾಂನಿಂದ 2ಕ್ಕೆ ಏರಿಸಿದರು. ಒಂದೇ ಕೆಲಸಕ್ಕೆ ಎರಡು ಕಡೆಯಿಂದ ಬಲ ಬಿದ್ದಿತ್ತು, ಅದರಲ್ಲಿ ಒಂದು ಕಡೆ ಮಾತ್ರ ವೈದ್ಯರಿಗೆ ಗೊತ್ತಿತ್ತು.

ಆದ್ದರಿಂದ ನಿಮ್ಮ ಗಂಟೆಗಳ ಲೆಕ್ಕವನ್ನೇ ನಾನು ಒಪ್ಪುವುದಿಲ್ಲ. ಅಂತರ ಉಪಯೋಗಕ್ಕೆ ಬರುವುದು ಇಸಬ್ಗೋಲ್‌ನಂತಹ ಪದಾರ್ಥಗಳಿಗೆ. ಅವು ಮಾತ್ರೆ ಕರುಳಿನಲ್ಲಿ ಹೀರಿಕೆಯಾಗುವುದಕ್ಕೆ ಅಡ್ಡಿಯಾಗಬಲ್ಲವು. ಗ್ಲಿಮೆಪಿರೈಡ್ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ, ಒಂದು ಮಾತ್ರೆಯ ಪರಿಣಾಮ ಸುಮಾರು 24 ಗಂಟೆ ಇರುತ್ತದೆ, ಮೂತ್ರಪಿಂಡ ದುರ್ಬಲವಾಗಿದ್ದರೆ ಇನ್ನೂ ಹೆಚ್ಚು. ಅದೂ ಚೂರ್ಣವೂ ಎದುರಾಗುವುದು ಹೊಟ್ಟೆಯಲ್ಲಲ್ಲ, ರಕ್ತದಲ್ಲಿ.

"ಗಿಡಮೂಲಿಕೆ ಅಲ್ಲವೇ, ಏನೂ ಆಗುವುದಿಲ್ಲ" ಎನ್ನುವವರಿಗೆ ನನ್ನ ಉತ್ತರವಿಷ್ಟೇ: ಶುಗರ್ ಇಳಿಸುವ ಶಕ್ತಿ ಎಲೆಗೆ ಇದ್ದರೆ, ಮಾತ್ರೆಯ ಜೊತೆ ಸೇರಿ ಮಿತಿಮೀರಿ ಇಳಿಸಲೂಬಹುದು. ಮೆಟ್‌ಫಾರ್ಮಿನ್ ಎಂಬ ಶುಗರ್ ಮಾತ್ರೆಯ ಮೂಲವೂ ಗಲೇಗಾ ಎಂಬ ಗಿಡವೇ. ಲೇಬಲ್ ಇಲ್ಲದ ಪೊಟ್ಟಣದ ಅಪಾಯ ಬೇರೆಯೇ. 2008ರಲ್ಲಿ ಸಿಂಗಪುರದಲ್ಲಿ ಲೈಂಗಿಕ ಶಕ್ತಿಗೆಂದು ಕಳ್ಳದಾರಿಯಲ್ಲಿ ಮಾರಿದ ಮಾತ್ರೆ ಹಾಗೂ ಗಿಡಮೂಲಿಕೆ ತಯಾರಿಕೆಗಳಲ್ಲಿ ಗ್ಲಿಬೆನ್‌ಕ್ಲಮೈಡ್ ಎಂಬ ಶುಗರ್ ಔಷಧಿ ಬೆರೆತಿತ್ತು; ಮಧುಮೇಹವೇ ಇಲ್ಲದವರ ಶುಗರ್ ಕುಸಿದು ನಾಲ್ವರು ಸತ್ತರು. ನಮ್ಮ ಪೊಟ್ಟಣದಲ್ಲಿ ಏನಿತ್ತೆಂದು ಪರೀಕ್ಷೆ ಮಾಡಿಸುವ ಮೊದಲೇ ಮನೆಯವರು ಅದನ್ನು ಎಸೆದಿದ್ದರು.

ತಂದೆಯವರ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ನಿಲ್ಲಿಸಬೇಕಾದದ್ದು ಚೂರ್ಣವನ್ನು, ಅದೂ ಇಂದೇ. ಅದು ಬೇಕೇ ಬೇಕೆಂದು ಅವರು ಹಟ ಹಿಡಿದರೆ ಪೊಟ್ಟಣವನ್ನು ವೈದ್ಯರ ಮೇಜಿನ ಮೇಲಿಡಿ, ಮಾತ್ರೆಯ ಪ್ರಮಾಣವನ್ನು ಅವರೇ ತೀರ್ಮಾನಿಸಲಿ. ಬೆವರು, ತಡವರಿಸುವ ಮಾತು ಕಂಡರೆ ತಕ್ಷಣ ಶುಗರ್ ನೋಡಿ; 70ಕ್ಕಿಂತ ಕೆಳಗಿದ್ದು ಎಚ್ಚರವಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ 108ಕ್ಕೆ ಕರೆ ಮಾಡಿ. ಮುಂದಿನ ಭೇಟಿಯಲ್ಲಿ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆಯನ್ನೂ ಕೇಳಿ ಮಾಡಿಸಿ, ಉಪವಾಸದ ದಿನ ಮಾತ್ರೆ ಹೇಗೆ ತೆಗೆದುಕೊಳ್ಳಬೇಕೆಂದು ಬರೆಸಿಕೊಂಡು ಬನ್ನಿ.