ಅಟ್ಟದ ಮೇಲಿನ ಸೂಟ್‌ಕೇಸ್

ಪ್ರಶ್ನೆ: ನನಗೆ 31 ವರ್ಷ. ನಾನು ಹತ್ತು ವರ್ಷದವಳಿದ್ದಾಗ ಅಪ್ಪ, ಅಮ್ಮ ವಿಚ್ಛೇದನ ಪಡೆದರು. ಅವರು ಜಗಳವಾಡಿದ್ದನ್ನು ಕಂಡ ನೆನಪೇ ನನಗಿಲ್ಲ. ನನ್ನ ಮದುವೆಯಾಗಿ ಮೂರು ವರ್ಷವಾಯಿತು, ಗಂಡ ಒಳ್ಳೆಯವರು. ಆದರೂ ಅವರು ಮುನಿಸಿಕೊಂಡು ಮಾತು ಬಿಟ್ಟರೆ ಸಾಕು, ಅಟ್ಟದಿಂದ ಸೂಟ್‌ಕೇಸ್ ಇಳಿಸುತ್ತೇನೆ. ಮೊನ್ನೆ ಅದನ್ನು ಕಂಡ ಅತ್ತೆ, ‘ತಾಯಿಯಂತೆ ಮಗಳು, ನೂಲಿನಂತೆ ಸೀರೆ’ ಎಂದರು. ನಿಜವೇ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ಗಾದೆ ಹಾಗಿರಲಿ. ನಿಮ್ಮ ಪತ್ರದಲ್ಲಿ ನಾನು ಎರಡು ಸಲ ಓದಿದ್ದು ‘ಜಗಳವಾಡಿದ್ದನ್ನು ಕಂಡ ನೆನಪೇ ಇಲ್ಲ’ ಎಂಬ ಮಾತನ್ನು. ಅಮೆರಿಕದ ಸಮಾಜಶಾಸ್ತ್ರಜ್ಞ ಪಾಲ್ ಅಮಾಟೊ ಮತ್ತು ಸಹೋದ್ಯೋಗಿಯೊಬ್ಬರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಿತ್ತಾಡಿ ಬೇರೆಯಾದವರ ಮಕ್ಕಳಿಗಿಂತ, ಹೆಚ್ಚು ಜಗಳವಿಲ್ಲದೆ ಬೇರೆಯಾದವರ ಮಕ್ಕಳ ಮದುವೆಗಳೇ ಹೆಚ್ಚಾಗಿ ಮುರಿದಿದ್ದವು. ಜಗಳ ಕಂಡ ಮಗುವಿಗೆ ಕಾರಣವಾದರೂ ತಿಳಿದಿರುತ್ತದೆ. ನಿಮ್ಮ ಮನೆ ಸುಮ್ಮನಿತ್ತು, ಆಮೇಲೆ ಒಂದು ದಿನ ಒಡೆದಿತ್ತು. ಗಂಡ ಮೌನವಾದೊಡನೆ ನೀವು ಅಟ್ಟ ಹತ್ತುವುದು ಅದಕ್ಕೇ ಎಂದು ನನ್ನ ಊಹೆ.

ಇಷ್ಟು ವರ್ಷ ಇಲ್ಲದ ಭಯ ಈಗೇಕೆ ಎಂದೂ ಅನ್ನಿಸಿರಬಹುದು. ಕ್ಯಾಲಿಫೋರ್ನಿಯಾದ ಮನಶ್ಶಾಸ್ತ್ರಜ್ಞೆ ಜೂಡಿತ್ ವಾಲರ್‌ಸ್ಟೀನ್ 1971ರಲ್ಲಿ ವಿಚ್ಛೇದನವಾದ 60 ಕುಟುಂಬಗಳ 131 ಮಕ್ಕಳನ್ನು ಗಮನಿಸತೊಡಗಿ, 25 ವರ್ಷ ಬೆನ್ನುಹತ್ತಿದರು. ಪೆಟ್ಟು ಜೋರಾಗಿ ಕಾಡುವುದು ತಮ್ಮದೇ ಸಂಗಾತಿಯನ್ನು ಆರಿಸುವ ವಯಸ್ಸಿನಲ್ಲಿ ಎಂದರು. (ಅವು ಹೆಚ್ಚಾಗಿ ಉಳ್ಳವರ ಮನೆಗಳು, ಅಷ್ಟರಿಂದ ಲೋಕವನ್ನೆಲ್ಲ ಅಳೆಯಬಾರದು ಎಂಬ ಟೀಕೆಯೂ ಇದೆ. ಟೀಕೆ ಸರಿಯೇ.)

ಗಂಡ ಕೈಮಾಡುವವರಾಗಿದ್ದರೆ ಸೂಟ್‌ಕೇಸ್ ಇಳಿಸಿ ಎಂದು ನಾನೇ ಹೇಳುತ್ತಿದ್ದೆ. ಇಲ್ಲಿ ಹಾಗಿಲ್ಲ. ಇಬ್ಬರೂ ಹಗುರವಾಗಿರುವ ಒಂದು ಸಂಜೆ, ‘ನೀವು ಮಾತು ಬಿಟ್ಟಾಗ ನಾನು ಮತ್ತೆ ಹತ್ತು ವರ್ಷದವಳಾಗುತ್ತೇನೆ’ ಎಂದು ಅವರಿಗೆ ತಿಳಿಸಿ. ಮುನಿಸು ಬೇಡ ಎನ್ನಬೇಡಿ, ಅದು ಆಗದ ಮಾತು. ‘ಈಗ ಸಿಟ್ಟಿದೆ, ರಾತ್ರಿ ಊಟಕ್ಕೆ ಕೂತಾಗ ಮಾತಾಡೋಣ’ ಎಂದಿಷ್ಟು ಹೇಳಿ ಸುಮ್ಮನಾಗಲಿ. ಮೌನಕ್ಕೊಂದು ಗಡುವು ಸಿಕ್ಕರೆ ನಿಮಗೆ ಅರ್ಧ ಧೈರ್ಯ. ತವರಿಗೆ ಹೋದಾಗ ಅಮ್ಮನನ್ನೂ ಕೇಳಿ, ಆಗ ನಿಜಕ್ಕೂ ನಡೆದದ್ದೇನೆಂದು. ನೀವು ಇದುವರೆಗೆ ಕೇಳಿರಲಿಕ್ಕಿಲ್ಲ.

ಅತ್ತೆಯವರ ಗಾದೆಗೆ ಎದುರು ಗಾದೆ ಹುಡುಕುವುದು ಬೇಡ. ಸೂಟ್‌ಕೇಸ್‌ಗೆ ಮಾತ್ರ ಹಳೆಯ ಕಂಬಳಿ, ರಗ್ಗುಗಳನ್ನು ತುಂಬಿಡಿ. ಮುಂದಿನ ಸಲ ಇಳಿಸಿದರೆ ಮೊದಲು ಅದನ್ನೆಲ್ಲ ಖಾಲಿ ಮಾಡಬೇಕು. ಅಷ್ಟರಲ್ಲಿ ಊಟದ ಹೊತ್ತಾಗಿರುತ್ತದೆ.