ಅಟ್ಟದ ಮಸಿ ಮತ್ತು ಎರಡಾದ ಮನೆ

ಪ್ರಶ್ನೆ: ಇಂಗ್ಲೆಂಡಿನ ಕೆಂಟ್‌ನಲ್ಲಿದೀವಿ, ಇಲ್ಲೇ ಒಂದು ಹಳ್ಳೀಲಿ ಹಳೇ ಮನೆ ತಗೊಳ್ಳೋಣ ಅಂತಿದೀವಿ. ಮರದ ಚೌಕಟ್ಟಿನ ಮನೆ, ಪಕ್ಕದ ಮನೆಗೆ ಅಂಟ್ಕೊಂಡಿದೆ, ಎರಡೂ ಗ್ರೇಡ್ ಟೂ ಲಿಸ್ಟೆಡ್, ಅಂದ್ರೆ ಸಂರಕ್ಷಿತ ಹಳೇ ಕಟ್ಟಡಗಳ ಸರ್ಕಾರಿ ಪಟ್ಟೀಲಿವೆ. ಎರಡೂ ತುದೀಲಿ ಮಹಡಿ ಮುಂದಕ್ಕೆ ಚಾಚಿದೆ, ನಡುಭಾಗ ಮಾತ್ರ ಒಳಗಿದೆ. ಅಟ್ಟದಲ್ಲಿ ಮರವೆಲ್ಲ ಕಪ್ಪು. ಬೆಂಕಿ ಬಿದ್ದಿತ್ತಾ? ಗೋಡೆ ತೇವ ಇದೆ, ಸಿಮೆಂಟ್ ಪ್ಲಾಸ್ಟರ್ ಮಾಡಿಸ್ಬಹುದಾ?

ಉತ್ತರ: ಬೆಂಕಿ ಬಿದ್ದಿದ್ದಲ್ಲ ಅನ್ಸುತ್ತೆ. ನೀವು ಹೇಳೋ ಆಕಾರ ವೀಲ್ಡನ್ ಹಾಲ್ ಹೌಸ್‌ದು, ಅಂದ್ರೆ ಈಗ ಎರಡಾಗಿರೋದು ಮೊದ್ಲು ಒಂದೇ ಮನೆ ಆಗಿದ್ದಿರಬೇಕು. 15ನೇ ಶತಮಾನದಲ್ಲಿ ಕೆಂಟ್, ಸಸೆಕ್ಸ್ ಕಡೆ ಅನುಕೂಲಸ್ಥ ರೈತರು ಕಟ್ಟಿಸ್ತಿದ್ರು, ನಡುವೆ ನೆಲದಿಂದ ಸೂರಿನವರೆಗೂ ತೆರೆದ ಹಾಲ್, ಚಿಮ್ನಿ ಇಲ್ಲ, ನೆಲದ ಮೇಲೇ ಬೆಂಕಿ ಹಾಕೋರು, ಆ ಹೊಗೆ ನಮ್ಮ ಮಲೆನಾಡಿನ ಒಲೆ ಮೇಲಿನ ಅಟ್ಟದ ಥರಾನೇ ಜಂತಿಗಳಿಗೆ ಮಸಿ ಹಿಡಿಸಿಬಿಡ್ತು. 16ನೇ ಶತಮಾನದಿಂದೀಚೆಗೆ ಇಟ್ಟಿಗೆ ಚಿಮ್ನಿ ಬಂತು, ಹಾಲ್‌ಗೆ ಅಡ್ಡಲಾಗಿ ಮಹಡಿ ಹಾಕಿದ್ರು, ಆಮೇಲೆ ಎಷ್ಟೋ ಕಡೆ ಕೂಲಿ ಕುಟುಂಬಗಳಿಗೆ ಅಂತ ಎರಡು ಮೂರು ಮನೆಯಾಗಿ ಪಾಲು ಮಾಡಿದ್ರು.

ಪಕ್ಕದವರನ್ನ ಕೇಳಿ ಅವರ ಅಟ್ಟಾನೂ ನೋಡಿ, ಅಲ್ಲೂ ಅದೇ ಮಸಿ ಇದ್ರೆ ಅನುಮಾನವೇ ಬೇಡ. ಹಾಲ್‌ನ ಹಳೇ ತೊಲೆ ತಳಭಾಗಕ್ಕೆ ಟಾರ್ಚ್ ಬಿಡಿ, ಸಾಲಾಗಿ ವಜ್ರಾಕಾರದ ತೂತುಗಳಿದ್ರೆ ಅಲ್ಲಿ ಗಾಜಿಲ್ಲದ ಕಿಟಕಿಯ ಮರದ ಸರಳುಗಳಿದ್ವು ಅಂತ ಅರ್ಥ. ದಯವಿಟ್ಟು ಆ ಮಸಿ ಉಜ್ಜಿ ತೆಗೀಬೇಡಿ, ಆ ಮನೆಯ ಅತಿ ಹಳೇ ದಾಖಲೆ ಅದೇ. ಇಂಥ ಮನೆ ಮೊದ್ಲು ಹೇಗಿತ್ತು ಅಂತ ಕಣ್ಣಾರೆ ನೋಡ್ಬೇಕಂದ್ರೆ ಸಸೆಕ್ಸ್‌ನ ಸಿಂಗಲ್ಟನ್‌ಗೆ ಹೋಗಿ, ಕೆಂಟ್‌ನ ಚಿಡಿಂಗ್‌ಸ್ಟೋನ್‌ನಲ್ಲಿದ್ದ ಬೇಲೀಫ್ ಅನ್ನೋ ಮನೇನ ಜಲಾಶಯ ಕಟ್ಟೋವಾಗ ಬಿಚ್ಚಿ ತಂದು ಅಲ್ಲಿನ ಮ್ಯೂಸಿಯಂನಲ್ಲಿ ಮತ್ತೆ ನಿಲ್ಲಿಸಿದಾರೆ.

ಸಿಮೆಂಟ್ ಮಾತ್ರ ಬೇಡವೇ ಬೇಡ. ಓಕ್ ಚೌಕಟ್ಟು ಹವೆಗೆ ತಕ್ಕಂತೆ ಹಿಗ್ಗುತ್ತೆ ಕುಗ್ಗುತ್ತೆ, ನಡುವಿನ ಗೋಡೆ ಕಡ್ಡಿ ಹೆಣೆದು ಮಣ್ಣು ಮೆತ್ತಿದ್ದು, ಸಿಮೆಂಟ್ ಬಿರುಕು ಬಿಟ್ಟು ನೀರು ಒಳಗೆ ಸೇರ್ಕೊಂಡ್ರೆ ಆರೋಕೆ ದಾರಿಯಿಲ್ಲ, ಬುಡದ ತೊಲೆ ಒಳಗೊಳಗೇ ಕೊಳೆಯುತ್ತೆ, ಹೊರಗಿಂದ ಗೊತ್ತೂ ಆಗಲ್ಲ. ಈಗಿನ ತೇವಕ್ಕೂ ಯಾರೋ ಹಿಂದೆ ಬಳಿದ ಸಿಮೆಂಟೇ ಕಾರಣ ಇರ್ಬಹುದು, ಮೊದ್ಲು ಅದನ್ನ ನೋಡಿಸಿ. ಸುಣ್ಣದ ಗಾರೆ ಕೆಲಸ ಬಲ್ಲವರನ್ನೇ ಹುಡುಕಿ.

ಇನ್ನೊಂದು, ಲಿಸ್ಟಿಂಗ್ ಮನೆ ಒಳಭಾಗಕ್ಕೂ ಅನ್ವಯಿಸುತ್ತೆ. ಮನೆಯ ಸ್ವರೂಪ ಬದಲಾಗೋ ಕೆಲಸಕ್ಕೆ ಕೌನ್ಸಿಲ್‌ನಿಂದ ಲಿಸ್ಟೆಡ್ ಬಿಲ್ಡಿಂಗ್ ಕನ್ಸೆಂಟ್ ಅನ್ನೋ ಅನುಮತಿ ಬೇಕು, ಇಲ್ದೆ ಮಾಡಿದ್ರೆ ಲಿಸ್ಟೆಡ್ ಕಟ್ಟಡಗಳ 1990ರ ಕಾಯ್ದೆ ಪ್ರಕಾರ ಅಪರಾಧ. ಹಿಂದಿನ ಓನರ್ ಅನುಮತಿ ಇಲ್ದೆ ಮಾಡಿದ್ದನ್ನೂ ಸರಿಪಡಿಸಿ ಅಂತ ನಿಮಗೇ ನೋಟಿಸ್ ಬರ್ಬಹುದು, ಇಷ್ಟು ವರ್ಷ ಆಯ್ತಲ್ಲ ಅನ್ನೋ ವಿನಾಯ್ತಿ ಇಲ್ಲ. ಹಾಗಾಗಿ ಅಡ್ವಾನ್ಸ್ ಕೊಡೋ ಮುಂಚೆ ಕಿಟಕಿ, ಪ್ಲಾಸ್ಟರ್, ಹಿಂದೆ ಸೇರಿಸಿದ ರೂಮು, ಎಲ್ಲದರ ಅನುಮತಿ ಪತ್ರ ಕೇಳಿ ತಗೊಳ್ಳಿ.