ನಿಮ್ಮ ನಾಯಕಿ ಒಂದೇ ಅಟ್ಟದಲ್ಲಿ ಕೂತರೆ ಸಿಕ್ಕಿಬೀಳ್ತಾಳೆ

ಜರ್ಮನ್ನರ ವಶದಲ್ಲಿದ್ದ 1943ರ ಪ್ಯಾರಿಸ್‌ನಲ್ಲಿ ನಿಮ್ಮ ಕಾದಂಬರಿಯ ಗೂಢಚಾರಿಣಿ ದಿನಾ ಒಂದೇ ಅಟ್ಟದಿಂದ ಗಂಟೆಗಟ್ಟಲೆ ವೈರ್‌ಲೆಸ್ ಸಂದೇಶ ಕಳಿಸಬಹುದಾ ಅಂತ ಕೇಳಿದ್ದೀರಿ. ಆಗಲ್ಲ. ಸಿಗ್ನಲ್ ಎಲ್ಲಿಂದ ಬರುತ್ತೆ ಅಂತ ಹುಡುಕುವ ಜರ್ಮನ್ನರ ವ್ಯಾನು ಬೀದಿಗೆ ಬರುವ ಮೊದಲೇ, 15-20 ನಿಮಿಷದಲ್ಲಿ ಮುಗಿಸಿ ಜಾಗ ಬದಲಿಸಬೇಕು. ಅದೂ ಸುಮಾರು 15 ಕಿಲೋ ಸೂಟ್‌ಕೇಸ್ ಸೆಟ್ ಹೊತ್ತು, ಉದ್ದನೆಯ ಏರಿಯಲ್ ತಂತಿ ಸುತ್ತಿಕೊಂಡು! ಒಂದೊಂದೇ ಕಟ್ಟಡದ ಕರೆಂಟ್ ತೆಗೆದು ಸಿಗ್ನಲ್ ಎಲ್ಲಿ ನಿಲ್ಲುತ್ತೆ ಅಂತಲೂ ನೋಡುತ್ತಿದ್ದರು. 6 ವೋಲ್ಟ್ ಕಾರ್ ಬ್ಯಾಟರಿ ಕೊಡಿ, ಆ ಬಲೆ ತಪ್ಪುತ್ತೆ.

ನಿಗೂಢತೆಗೆ ಪ್ಯಾರಿಸ್‌ನಿಂದ ಲಂಡನ್ನಿಗೆ ವೈರ್‌ಲೆಸ್ ಸಂದೇಶ ಕಳಿಸುತ್ತಿದ್ದ ಬ್ರಿಟಿಷ್ ಗೂಢಚಾರಿಣಿ, ಟಿಪ್ಪು ವಂಶದ ನೂರ್ ಇನಾಯತ್ ಖಾನ್ ಪ್ರಕರಣ ನೋಡಿ. ಆಕೆ ಸಿಕ್ಕಿದ್ದು ವ್ಯಾನಿನಿಂದಲ್ಲ, ದ್ರೋಹದಿಂದ. ಸಂದೇಶಗಳ ನಕಲಿದ್ದ ನೋಟ್‌ಬುಕ್ಕೂ ಸಿಕ್ಕಿತು. ಅದನ್ನಿಟ್ಟುಕೊಂಡು ಜರ್ಮನ್ನರು ಆಕೆಯ ಹೆಸರಲ್ಲೇ ಸಂದೇಶ ಕಳಿಸಿದರು. ಲಂಡನ್ ತಿಂಗಳುಗಟ್ಟಲೆ ನಂಬಿತು. ನಿಮ್ಮ ಪತ್ತೇದಾರನನ್ನು ಲಂಡನ್ನಿನಲ್ಲಿ ಆ ಸಂದೇಶ ಓದುವ ಮೇಜಿನ ಹಿಂದೆಯೇ ಕೂರಿಸಿ.